ಸ್ಕ್ರ್ಯಾಪ್‌ಬುಕ್‌ಗೆ ಟೈಮ್ ಎಲ್ಲಿಂದ ತರೋದು? ನಾಲ್ಕು ಬಗೆಯ ಬಿಡುವು, ನಾಲ್ಕು ಬಗೆಯ ಪುಸ್ತಕ

ಒಂದು ರಾತ್ರಿ ಗಡಿಯಾರ ಇಟ್ಟುಕೊಂಡು ನೋಡಿದೆ. ಎಲ್ಲರೂ ಮಲಗಿದ ಮೇಲೆ ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೊ, ಟಿಕೆಟ್ಟು, ನಾಲ್ಕು ಸಾಲು ಬರಹ ಸೇರಿಸಿ ಕಟ್ಟುವ ನೆನಪಿನ ಪುಸ್ತಕ, ಮಾಡೋಣ ಅಂತ ಕೂತಿದ್ದೆ. ಎದ್ದಾಗ 40 ನಿಮಿಷ ಕಳೆದಿತ್ತು. ಬೀರುವಿನ ಮೇಲಿಂದ ಡಬ್ಬ ಇಳಿಸಿ, ಕಾಗದ, ಕತ್ತರಿ, ಅಂಟು ಎಲ್ಲ ಹರಡಿಕೊಳ್ಳುವುದಕ್ಕೆ 14 ನಿಮಿಷ ಹೋಯಿತು. ಬೆಳಿಗ್ಗೆ ಆ ಮೇಜು ಮನೆಯವರಿಗೆಲ್ಲ ಬೇಕು. ಹಾಗಾಗಿ ಎಲ್ಲವನ್ನೂ ಮತ್ತೆ ಎತ್ತಿಡುವುದಕ್ಕೆ 11 ನಿಮಿಷ. ಉಳಿದ 15ರಲ್ಲಿ 9 ನಿಮಿಷ ಫೋಟೊ ಕಟ್ಟು ಹಿಡಿದುಕೊಂಡು ಇದು ಹಾಕಲೋ ಅದು ಹಾಕಲೋ ಅಂತ ಯೋಚಿಸಿದ್ದೇ ಆಯಿತು. ಪುಟದ ಮೇಲೆ ಕೈ ಓಡಿದ್ದು ಬರೀ ಆರು ನಿಮಿಷ. ಒಂದು ಫೋಟೊ ಅಂಟಿಸಿದ್ದೆ. ಪಕ್ಕದಲ್ಲಿ ಒಂದು ಸಾಲೂ ಬರೆದಿರಲಿಲ್ಲ.

ಅಲ್ಲಿಯವರೆಗೂ ನನಗೆ ಟೈಮೇ ಇಲ್ಲ ಅಂತ ನಂಬಿದ್ದೆ. ಆವತ್ತು ಗೊತ್ತಾಯಿತು, ಟೈಮ್ ಇತ್ತು, ಅದನ್ನು ಎರಡು ಕೆಲಸ ತಿಂದುಹಾಕುತ್ತಿದ್ದವು. ಒಂದು, ತೆಗೆಯುವುದು ಮತ್ತು ಎತ್ತಿಡುವುದು. ಇನ್ನೊಂದು, ಯಾವುದು ಬೇಕು ಯಾವುದು ಬೇಡ ಅಂತ ತೀರ್ಮಾನಿಸುವುದು. ಈ ಎರಡನ್ನೂ ಲೆಕ್ಕಕ್ಕೆ ತಗೊಳ್ಳದೆ 'ದಿನಾ ಸ್ವಲ್ಪ ಹೊತ್ತು ಕೂತುಕೊಳ್ಳಿ' ಅಂತ ಯಾರಾದರೂ ಹೇಳಿದರೆ ಅದರಿಂದ ಏನೂ ಆಗುವುದಿಲ್ಲ.

ಆಮೇಲೆ ಎರಡು ವರ್ಷ ನಾನು ಬೇರೆ ಬೇರೆ ದಾರಿ ಹಿಡಿದು ನೋಡಿದೆ. ದಿನಾ ಕಾಲು ಗಂಟೆ, ವಾರಕ್ಕೊಂದು ಸಂಜೆ, ತಿಂಗಳಿಗೊಂದು ದಿನ, ವರ್ಷಕ್ಕೊಮ್ಮೆ ದೊಡ್ಡ ಕೂಟ. ಪುಸ್ತಕದ ಬಗೆಯನ್ನೂ ಬದಲಾಯಿಸಿದೆ. ಇದರಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಒಂದೇ. ಮೊದಲು ಪುಸ್ತಕ ಆರಿಸಿ, ಆಮೇಲೆ ಅದಕ್ಕೆ ಬಿಡುವು ಹುಡುಕಬೇಡಿ. ನಿಮಗೆ ಯಾವ ಅಳತೆಯ ಬಿಡುವು ಸಿಗುತ್ತದೆ ಅಂತ ಮೊದಲು ನೋಡಿಕೊಳ್ಳಿ. ಅದಕ್ಕೆ ಹೊಂದುವ ಪುಸ್ತಕ ತಗೊಳ್ಳಿ.

ದಿನಾ ಕಾಲು ಗಂಟೆ

ಹದಿನೈದು ನಿಮಿಷ ಕಡಿಮೆ ಅನಿಸುತ್ತದೆ. ಆದರೆ ದಿನಾ ಸಿಕ್ಕರೆ ತಿಂಗಳಿಗೆ ಏಳೂವರೆ ಗಂಟೆ ಆಗುತ್ತದೆ. ಇದರ ದೊಡ್ಡ ಲಾಭ ಅಂದರೆ ನೆನಪು ಬಿಸಿಯಾಗಿರುವಾಗಲೇ ಪುಟಕ್ಕೆ ಇಳಿಯುತ್ತದೆ. ಮಗು ನಿನ್ನೆ ಏನಂದಿತು ಅನ್ನುವುದು ಇವತ್ತು ಪದಕ್ಕೆ ಪದ ನೆನಪಿರುತ್ತದೆ. ಇನ್ನು ಹತ್ತು ದಿನ ಬಿಟ್ಟರೆ ತಿರುಳು ಮಾತ್ರ ಉಳಿಯುತ್ತದೆ, ಮಾತು ಹೋಗಿರುತ್ತದೆ.

ಆದರೆ ಕಾಲು ಗಂಟೆ ಅಂದರೆ ಕಾಲು ಗಂಟೆಯೇ. ಸಾಮಾನು ತೆಗೆಯಲು ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿದರೆ ಈ ದಾರಿ ಒಂದು ವಾರವೂ ನಡೆಯುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲವೂ ಒಂದೇ ಚೀಲದಲ್ಲಿರಬೇಕು. ನನ್ನ ಚೀಲದಲ್ಲಿ ಇರುವುದು ಇಷ್ಟು: ಒಂದು ಸಣ್ಣ ನೋಟ್‌ಬುಕ್, ಒಂದು ಕಪ್ಪು ಪಿಗ್ಮೆಂಟ್ ಪೆನ್ (ಬೇಗ ಮಾಸದ ಶಾಯಿಯದ್ದು), ಚಿಕ್ಕ ಕತ್ತರಿ, ಟೇಪ್ ರನ್ನರ್, ಎರಡು ಸುರುಳಿ ವಾಶಿ ಟೇಪ್ (ಅಲಂಕಾರದ ಕಾಗದದ ಟೇಪ್), ಈ ತಿಂಗಳ ಫೋಟೊಗಳಿರುವ ಒಂದು ಲಕೋಟೆ. ಬೇರೇನೂ ಇಲ್ಲ. ಬಣ್ಣ ಬಣ್ಣದ ಸ್ಟಿಕ್ಕರ್ ಹಾಳೆಗಳನ್ನು ಮೊದಲು ಇಟ್ಟುಕೊಂಡಿದ್ದೆ, ಆಮೇಲೆ ತೆಗೆದೆ. ಯಾವ ಸ್ಟಿಕ್ಕರ್ ಅಂತ ಯೋಚಿಸುವುದರಲ್ಲೇ ಐದು ನಿಮಿಷ ಹೋಗುತ್ತಿತ್ತು.

ಟೇಪ್ ರನ್ನರ್ ಬಗ್ಗೆ ಒಂದು ಮಾತು. ಇದು ಒಣ ಅಂಟು. ಎಳೆದ ಕೂಡಲೇ ಹಿಡಿಯುತ್ತದೆ. ನೀರಿನಂಥ ಅಂಟು ಹಾಕಿದರೆ ಕಾಗದ ಅಲೆ ಅಲೆಯಾಗಿ ಏಳುತ್ತದೆ, ಒಣಗುವ ತನಕ ಪುಸ್ತಕ ಮುಚ್ಚುವಂತಿಲ್ಲ. ಹದಿನೈದು ನಿಮಿಷದವರಿಗೆ ಒಣಗುವುದನ್ನು ಕಾಯುವ ಪುರುಸೊತ್ತು ಎಲ್ಲಿದೆ?

ಈ ದಾರಿ ಯಾರಿಗೆ ಬೇಡ ಅಂದರೆ, ದಿನದ ಕೊನೆಗೆ ತಲೆ ಪೂರ್ತಿ ದಣಿದಿರುವವರಿಗೆ. ಬಿಡುವು ಇದ್ದರೂ ಕೈ ಏಳುವುದಿಲ್ಲ. ಅಂಥವರು ಬೆಳಿಗ್ಗೆ ಮಾಡಿ ನೋಡಬಹುದು. ಅದೂ ಆಗದಿದ್ದರೆ ಬಲವಂತ ಬೇಡ, ಮುಂದಿನ ದಾರಿ ನೋಡಿ.

ವಾರಕ್ಕೊಂದು ಸಂಜೆ

ಎರಡು ಗಂಟೆ ಒಟ್ಟಿಗೆ ಸಿಕ್ಕರೆ ಕೆಲಸದ ರುಚಿಯೇ ಬೇರೆ. ಕಾಗದಗಳನ್ನು ಹರಡಿ, ಬಣ್ಣ ಹೊಂದಿಸಿ, ಒಂದು ಫೋಟೊವನ್ನು ನಾಲ್ಕು ಜಾಗದಲ್ಲಿ ಇಟ್ಟು ನೋಡಿ, ಎದ್ದು ನಿಂತು ದೂರದಿಂದ ನೋಡಿ, ಮತ್ತೆ ಸರಿಸಿ. ಸ್ಕ್ರ್ಯಾಪ್‌ಬುಕ್ ಹಚ್ಚಿಕೊಂಡವರಿಗೆ ಇದೇ ಅಸಲಿ ಸುಖ, ಅಲ್ವಾ? ಕಾಲು ಗಂಟೆಯಲ್ಲಿ ಇದು ಸಿಗುವುದಿಲ್ಲ.

25 ನಿಮಿಷ ತೆಗೆದಿಡುವುದಕ್ಕೆ ಹೋದರೂ ಇನ್ನೂ ಒಂದೂವರೆ ಗಂಟೆ ಉಳಿಯುತ್ತದೆ. ಒಂದು ಪುಟ ಪೂರ್ತಿ ಮುಗಿಯುತ್ತದೆ, ಚುರುಕಾಗಿದ್ದರೆ ಎರಡು. ವಾರಕ್ಕೆ ಒಂದು ಪುಟ ಅಂದರೆ ವರ್ಷಕ್ಕೆ ಐವತ್ತರ ಹತ್ತಿರ. ಅದು ಒಂದು ದಪ್ಪ ಆಲ್ಬಮ್.

ತೊಂದರೆ ಒಂದೇ. ವಾರದ ಆ ಒಂದು ಸಂಜೆಯನ್ನು ಬೇರೆ ಯಾವುದಾದರೂ ಕೆಲಸ ಕಿತ್ತುಕೊಳ್ಳುತ್ತದೆ. ಒಂದು ಸಲ ತಪ್ಪಿದರೆ ಹದಿನಾಲ್ಕು ದಿನದ ಅಂತರ. ಎರಡು ಸಲ ತಪ್ಪಿದರೆ ಎಲ್ಲಿಗೆ ನಿಲ್ಲಿಸಿದ್ದೆ ಅಂತಲೇ ಮರೆತಿರುತ್ತದೆ. ನಾನು ಮಾಡಿದ ಉಪಾಯ ಏನಂದರೆ, ಎದ್ದು ಹೋಗುವ ಮುಂಚೆ ಮುಂದಿನ ಪುಟಕ್ಕೆ ಬೇಕಾದ ಫೋಟೊ, ಕಾಗದ, ಟಿಕೆಟ್ಟು ಎಲ್ಲವನ್ನೂ ಒಂದು ಪಾರದರ್ಶಕ ಕವರಿನಲ್ಲಿ ಹಾಕಿ ಮೇಲೇ ಇಡುವುದು. ಮುಂದಿನ ಸಲ ಕೂತ ಕೂಡಲೇ ಕೆಲಸ ಶುರು. ತೀರ್ಮಾನದ ಒಂಬತ್ತು ನಿಮಿಷ ಅಲ್ಲೇ ಉಳಿಯಿತು.

ಮನೆಯವರಿಗೂ ಆ ಸಂಜೆ ಯಾವುದು ಅಂತ ಗೊತ್ತಿರಲಿ. 'ಬಿಡುವಾದರೆ ಕೂತುಕೊಳ್ಳುತ್ತೇನೆ' ಅಂದರೆ ಬಿಡುವು ಆಗುವುದೇ ಇಲ್ಲ. 'ಗುರುವಾರ ಏಳರಿಂದ ಒಂಬತ್ತು ನನ್ನದು' ಅಂದರೆ ಆಗುತ್ತದೆ.

ತಿಂಗಳಿಗೊಂದು ದಿನ, ವರ್ಷಕ್ಕೊಂದು ಕೂಟ

ತಿಂಗಳಿಗೊಂದು ಅರ್ಧ ದಿನ ಅನ್ನುವುದು ಕೇಳುವುದಕ್ಕೆ ಚೆನ್ನಾಗಿದೆ. ನನಗೆ ಮಾತ್ರ ಅಷ್ಟಾಗಿ ಒಗ್ಗಲಿಲ್ಲ. ಮೊದಲ ಒಂದು ಗಂಟೆ ತಿಂಗಳ ಫೋಟೊ ಆರಿಸುವುದರಲ್ಲೇ ಹೋಗುತ್ತದೆ. ಆದರೆ ಪಾಳಿಯಲ್ಲಿ ಕೆಲಸ ಮಾಡುವವರಿಗೆ, ಊರೂರು ತಿರುಗುವವರಿಗೆ ಇದಕ್ಕಿಂತ ಬೇರೆ ದಾರಿ ಇರುವುದಿಲ್ಲ. ಅವರು ಫೋಟೊ ಆರಿಸುವ ಕೆಲಸವನ್ನು ಮುಂಚೆಯೇ ಫೋನಿನಲ್ಲಿ ಮುಗಿಸಿಕೊಂಡರೆ ಈ ದಾರಿ ಚೆನ್ನಾಗಿ ನಡೆಯುತ್ತದೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ವರ್ಷಕ್ಕೊಮ್ಮೆ, ಎರಡು ಸಲ, ಸ್ನೇಹಿತರು ಒಟ್ಟಿಗೆ ಕೂತು ಬೆಳಿಗ್ಗೆಯಿಂದ ರಾತ್ರಿವರೆಗೆ ಮಾಡುವ ಕೂಟವೂ ಇದೆ. ಇದನ್ನು ಸ್ಕ್ರ್ಯಾಪ್‌ಬುಕ್ ಮಾಡುವವರು 'ಕ್ರಾಪ್' ಅಂತಾರೆ. ಫೋಟೊ ಕತ್ತರಿಸುವುದರಿಂದ ಬಂದ ಹೆಸರು. ಅಮೆರಿಕದಲ್ಲಿ ಮೇ ತಿಂಗಳ ಮೊದಲ ಶನಿವಾರವನ್ನು ಸ್ಕ್ರ್ಯಾಪ್‌ಬುಕ್ ದಿನ ಅಂತಲೇ ಆಚರಿಸುತ್ತಾರೆ, ಆವತ್ತು ಇಂಥ ಕೂಟಗಳು ನಡೆಯುತ್ತವೆ. ಕೂಟದಲ್ಲಿ ಮಾತಿನ ನಡುವೆಯೂ ಎಷ್ಟೊಂದು ಕೆಲಸ ಆಗುತ್ತದೆ ಅಂತ ಆಶ್ಚರ್ಯ ಆಗುತ್ತದೆ. ಪಕ್ಕದವರ ಪುಟ ನೋಡಿ ಹೊಸದು ಹೊಳೆಯುತ್ತದೆ. ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ.

ಆದರೆ ಅದನ್ನೇ ನಂಬಿಕೊಂಡು ವರ್ಷವಿಡೀ ಸುಮ್ನೆ ಇರಬೇಡಿ. ಇದನ್ನು ನಾನು ನೋವಿನಿಂದ ಹೇಳುತ್ತಿದ್ದೇನೆ. ನನ್ನ ಹತ್ತಿರ ಒಂದು ದೋಣಿ ವಿಹಾರದ ಟಿಕೆಟ್ ಇತ್ತು. ಹೆಬ್ಬೆಟ್ಟಿನಷ್ಟು ಅಗಲದ ಚೀಟಿ. ಅದರ ಮೇಲೆ ದಿನ, ಗಂಟೆ, ಎಷ್ಟು ಜನ ಅನ್ನುವುದೆಲ್ಲ ಅಚ್ಚಾಗಿತ್ತು. ಅಪ್ಪ ಜೊತೆಗೆ ಬಂದಿದ್ದ ಕೊನೆಯ ಪ್ರವಾಸ ಅದು. ಒಳ್ಳೆಯ ಪುಟ ಮಾಡಬೇಕು, ಅವಸರ ಮಾಡಬಾರದು ಅಂತ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟೆ. ಮೂರು ವರ್ಷ ಬಿಟ್ಟು ತೆಗೆದಾಗ ಕೈಗೆ ಬಂದಿದ್ದು ಬಿಳಿ ಚೀಟಿ. ಬೆಳಕಿಗೆ ಹಿಡಿದೆ, ಓರೆ ಮಾಡಿ ನೋಡಿದೆ. ಒಂದು ಮೂಲೆಯಲ್ಲಿ ಬೂದು ಬಣ್ಣದ ಅರ್ಧ ಅಂಕಿ, ಅಷ್ಟೇ.

ಆಮೇಲೆ ತಿಳಿಯಿತು, ಅಂಥ ಟಿಕೆಟ್, ರಸೀದಿಗಳಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲಿನ ಲೇಪನ ಬಿಸಿಗೆ ಕಪ್ಪಾಗುತ್ತದೆ, ಹಾಗೆಯೇ ಬಿಸಿಲು, ಸೆಕೆ, ಪ್ಲಾಸ್ಟಿಕ್ ತಾಗಿ ಮಾಸಿಯೂ ಹೋಗುತ್ತದೆ. ಮಾಡಬೇಕಾಗಿದ್ದುದು ಒಂದೇ, ಮನೆಗೆ ಬಂದ ದಿನವೇ ಅದರ ಫೋಟೊ ತೆಗೆದುಕೊಳ್ಳುವುದು. ಅರ್ಧ ನಿಮಿಷದ ಕೆಲಸ. ಪತ್ರಿಕೆಯ ತುಣುಕುಗಳ ಗತಿಯೂ ಬಹುಮಟ್ಟಿಗೆ ಇದೇ. ಆ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಜಾಸ್ತಿ, ಹಳದಿಯಾಗಿ ಪುಡಿಯಾಗುತ್ತದೆ, ಪಕ್ಕದ ಫೋಟೊಗೂ ಕಲೆ ಹಾಕುತ್ತದೆ. ಒಳ್ಳೆಯ ಕಾಗದದ ಮೇಲೆ ಅದರ ನಕಲು ತೆಗೆದು ನಕಲನ್ನೇ ಅಂಟಿಸಿ.

ಇನ್ನು ಪುಸ್ತಕದ ಮಾತು

ಇಲ್ಲಿ ನಾಲ್ಕು ಬಗೆ ಇವೆ. ಎಲ್ಲವೂ ಚೆನ್ನಾಗಿಯೇ ಇವೆ. ಯಾವ ಬಿಡುವಿಗೆ ಯಾವುದು ಅನ್ನುವುದೇ ಪ್ರಶ್ನೆ.

ಮೊದಲನೆಯದು ದೊಡ್ಡ ಪುಟದ ಆಲ್ಬಮ್. 12 ಇಂಚು ಅಗಲ, 12 ಇಂಚು ಉದ್ದ. ಸ್ಕ್ರ್ಯಾಪ್‌ಬುಕ್ ಅಂದ ಕೂಡಲೇ ಹೆಚ್ಚಿನವರ ಕಣ್ಣ ಮುಂದೆ ಬರುವುದು ಇದೇ. ಅಲಂಕಾರದ ಕಾಗದಗಳೂ ಹೆಚ್ಚಾಗಿ ಇದೇ ಅಳತೆಯಲ್ಲಿ ಬರುತ್ತವೆ. ಒಂದು ಪುಟದಲ್ಲಿ ಕಥೆ ಹೇಳುವಷ್ಟು ಜಾಗ ಇದೆ. ಆದರೆ ಖಾಲಿ ಜಾಗ ಜಾಸ್ತಿ ಇದ್ದಷ್ಟೂ ತೀರ್ಮಾನಗಳೂ ಜಾಸ್ತಿ. ಪುಟ ಪೂರ್ತಿ ಖಾಲಿ ಇರುವಾಗ ಮೊದಲ ಫೋಟೊ ಎಲ್ಲಿ ಇಡುವುದು ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ಜೊತೆಗೆ ಇಷ್ಟು ದೊಡ್ಡ ಹಾಳೆ, ಅದನ್ನು ನೇರವಾಗಿ ಕತ್ತರಿಸುವ ಟ್ರಿಮ್ಮರ್, ಕತ್ತರಿಸಿದ ಚೂರುಗಳು ಅಂದರೆ ಇಡೀ ಮೇಜು ಬೇಕು. ವಾರದ ಸಂಜೆ, ತಿಂಗಳ ದಿನ, ಕೂಟ, ಇವಕ್ಕೆ ಇದು ಹೇಳಿ ಮಾಡಿಸಿದ ಪುಸ್ತಕ. ದಿನಾ ಕಾಲು ಗಂಟೆಯವರು ಇದನ್ನು ತಗೊಂಡರೆ ಮೂರನೇ ಪುಟಕ್ಕೆ ಕೈ ಬಿಡುತ್ತಾರೆ. ನಾನು ಬಿಟ್ಟಿದ್ದೆ.

ಎರಡನೆಯದು ಪಾಕೆಟ್ ಪುಟ. ಬಿಡುವಿಲ್ಲದವರ ಪಾಲಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ನೋಡಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಾರದರ್ಶಕ ಹಾಳೆಯಲ್ಲಿ ಹೊಲಿದಂತೆ ಕಿಸೆಗಳಿರುತ್ತವೆ. ಜಾಸ್ತಿ ಬಳಕೆಯಲ್ಲಿರುವ ಒಂದು ನಮೂನೆಯಲ್ಲಿ 4 ಇಂಚು 6 ಇಂಚಿನ ನಾಲ್ಕು ಕಿಸೆ, 3 ಇಂಚು 4 ಇಂಚಿನ ನಾಲ್ಕು ಕಿಸೆ. ಲೆಕ್ಕ ಹಾಕಿ ನೋಡಿ, ಸರಿಯಾಗಿ 12 ಇಂಚಿನ ಚೌಕ ತುಂಬುತ್ತದೆ. ದೊಡ್ಡ ಕಿಸೆಗೆ ಮಾಮೂಲಿ ಅಳತೆಯ ಫೋಟೊ ಕತ್ತರಿ ತಾಗಿಸದೆ ಕೂರುತ್ತದೆ. ಸಣ್ಣ ಕಿಸೆಗೆ ಬರಹದ ಕಾರ್ಡು.

ಇದರಲ್ಲಿ ಅಂಟು ಬೇಡ, ಜಾಗ ಹುಡುಕುವುದು ಬೇಡ. ತಪ್ಪಾದರೆ ಹೊರಗೆ ಎಳೆದು ಬೇರೆ ಹಾಕಬಹುದು. ಎಲ್ಲಕ್ಕಿಂತ ಮುಖ್ಯ, ಕೆಲಸವನ್ನು ಚೂರು ಚೂರು ಮಾಡಬಹುದು. ಇವತ್ತು ಒಂದು ಕಾರ್ಡ್ ಬರೆದೆ, ನಾಳೆ ಎರಡು ಫೋಟೊ ತುರುಕಿದೆ, ಅಷ್ಟರಲ್ಲಿ ಯಾರೋ ಕರೆದರು, ಪುಸ್ತಕ ಮುಚ್ಚಿದೆ. ಏನೂ ಹಾಳಾಗುವುದಿಲ್ಲ. ಸಣ್ಣ ಮಕ್ಕಳಿರುವ ಮನೆಯಲ್ಲಿ ಯಾವ ಕ್ಷಣದಲ್ಲಾದರೂ ಎದ್ದು ಓಡಬೇಕಾಗುತ್ತದೆ. ಅಂಟು ಹಚ್ಚಿದ ಫೋಟೊ ಕೈಯಲ್ಲಿ ಹಿಡಿದು ಓಡುವುದಕ್ಕೆ ಆಗುತ್ತದಾ?

ಕೊರತೆಯೂ ಇದೆ. ಎಲ್ಲ ಪುಟವೂ ಒಂದೇ ತರಹ ಕಾಣುತ್ತದೆ. ಕೈಯಲ್ಲಿ ಮಾಡಿದ ಸೊಗಸು ಕಡಿಮೆ. ದಪ್ಪ ವಸ್ತು, ಒಣಗಿದ ಹೂವು, ಗುಂಡಿ, ದಾರ ಹಿಡಿಯುವುದಿಲ್ಲ. ಅದಕ್ಕೆ ನಾನು ಮಾಡುವುದು ಹೀಗೆ. ವರ್ಷದ ದಿನನಿತ್ಯದ ಫೋಟೊಗಳೆಲ್ಲ ಪಾಕೆಟ್ ಪುಟಕ್ಕೆ. ಮನಸ್ಸಿಗೆ ತುಂಬ ಹತ್ತಿರವಾದ ನಾಲ್ಕೈದು ಸಂಗತಿಗೆ ಮಾತ್ರ ದೊಡ್ಡ ಖಾಲಿ ಪುಟ. ಎರಡೂ ಒಂದೇ ಅಳತೆಯವು ಆದ್ದರಿಂದ ಒಂದೇ ಆಲ್ಬಮ್‌ನಲ್ಲಿ ಕೂರುತ್ತವೆ.

ಮನೆಯ ಪ್ರಿಂಟರ್‌ನಲ್ಲಿ ಇಂಕ್‌ಜೆಟ್ ಪ್ರಿಂಟ್ ತೆಗೆಯುವವರು ಒಂದು ವಿಷಯ ಗಮನಿಸಿ. ಒಂದು ದಿನ ಒಣಗಲು ಬಿಟ್ಟು ಆಮೇಲೆ ಕಿಸೆಗೆ ಹಾಕಿ. ಅವಸರದಲ್ಲಿ ತುರುಕಿದರೆ ಒಳಗೆ ಮಂಜು ಕಟ್ಟಿದ ಹಾಗೆ ಆಗುತ್ತದೆ, ಫೋಟೊ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳಲೂಬಹುದು.

ಮೂರನೆಯದು ಸಣ್ಣ ನೋಟ್‌ಬುಕ್. ಟ್ರಾವೆಲರ್ಸ್ ನೋಟ್‌ಬುಕ್ ಅಂತ ಕರೆಯುವ ಸುಮಾರು 21 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲದ್ದು ಇರಬಹುದು, ಎ5 ಅಳತೆಯದು ಇರಬಹುದು. ಒಂದು ಫೋಟೊ, ನಾಲ್ಕು ಸಾಲು, ಒಂದು ಟಿಕೆಟ್ಟು, ಪುಟ ತುಂಬಿತು. ಕೈಚೀಲದಲ್ಲಿ ಹೋಗುತ್ತದೆ. ರೈಲಿನಲ್ಲಿ, ಮಕ್ಕಳ ಕ್ಲಾಸಿನ ಹೊರಗೆ ಕಾಯುವಾಗ, ಎಲ್ಲಿ ಬೇಕಾದರೂ ಬಿಚ್ಚಬಹುದು. ಜಂಕ್ ಜರ್ನಲ್ ಮಾಡುವವರೂ ಇದೇ ಜಾತಿ. ಹಳೆಯ ಲಕೋಟೆ, ಪೊಟ್ಟಣದ ಕಾಗದ, ಚೀಟಿ ಎಲ್ಲ ಸೇರಿಸಿ ಕಟ್ಟುತ್ತಾರೆ. ನೋಡಲು ಬಹಳ ಚೆಂದ, ಆದರೆ ಆ ಕಾಗದಗಳು ಹೆಚ್ಚು ಕಾಲ ಬಾಳುವುದಿಲ್ಲ. ಬೇರೆ ಪ್ರತಿ ಇಲ್ಲದ ಹಳೆಯ ಫೋಟೊಗಳನ್ನು ಅದಕ್ಕೆ ಅಂಟಿಸಬೇಡಿ.

ಸಣ್ಣ ಪುಸ್ತಕಕ್ಕೆ ಸಣ್ಣ ಫೋಟೊ ಬೇಕು. ತೆಗೆದ ಕೂಡಲೇ ಫೋಟೊ ಕೊಡುವ ಕ್ಯಾಮೆರಾದ ಇನ್‌ಸ್ಟ್ಯಾಕ್ಸ್ ಮಿನಿ ಫಿಲ್ಮ್ 86 ಮಿಲಿಮೀಟರ್ ಉದ್ದ, 54 ಅಗಲ, ಅದರಲ್ಲಿ ಚಿತ್ರ 62 ಮತ್ತು 46. ಜಿಂಕ್ ಅನ್ನುವ ಶಾಯಿ ಬೇಡದ ಕಾಗದದ ಪುಟ್ಟ ಪ್ರಿಂಟರ್‌ಗಳು 2 ಇಂಚು 3 ಇಂಚಿನ ಫೋಟೊ ಕೊಡುತ್ತವೆ, ಹಿಂದೆ ಅಂಟೂ ಇರುತ್ತದೆ. ಪ್ರಿಂಟ್ ಹಾಕಿಸಲು ಹೊರಗೆ ಹೋಗಿ ಬರುವ ಹೊತ್ತು ಪೂರ್ತಿ ಉಳಿಯುತ್ತದೆ. ಬಣ್ಣ ದೊಡ್ಡ ಪ್ರಿಂಟಿನಷ್ಟು ಚೆನ್ನಾಗಿರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು.

ನಾಲ್ಕನೆಯದು ಡಿಜಿಟಲ್. ಕಂಪ್ಯೂಟರ್, ಟ್ಯಾಬ್ಲೆಟ್ ಅಥವಾ ಫೋನಿನಲ್ಲೇ ಪುಟ ಕಟ್ಟಿ, ವರ್ಷದ ಕೊನೆಗೆ ಪುಸ್ತಕವಾಗಿ ಪ್ರಿಂಟ್ ಹಾಕಿಸುವುದು. ತೆಗೆಯುವುದು, ಎತ್ತಿಡುವುದು ಎರಡೂ ಇಲ್ಲ. ಬರೆದದ್ದನ್ನು ಹತ್ತು ಸಲ ತಿದ್ದಬಹುದು. ಒಂದೇ ಪುಸ್ತಕದ ಮೂರು ಪ್ರತಿ ಮಾಡಿ ಅಕ್ಕ, ತಮ್ಮನಿಗೆ ಕೊಡಬಹುದು. ಕಾಗದ, ಕತ್ತರಿಯ ಸ್ಪರ್ಶ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ದಿನವಿಡೀ ಪರದೆ ನೋಡಿ ದುಡಿಯುವವರಿಗೂ ರಾತ್ರಿ ಮತ್ತೆ ಪರದೆ ಬೇಡವಾಗುತ್ತದೆ. ನನಗೆ ಹಾಗೇ ಆಯಿತು. ಆದರೆ ನೆನಪು ಉಳಿಸುವುದೇ ಮುಖ್ಯ, ಕೈಕೆಲಸ ಅಷ್ಟು ಮುಖ್ಯ ಅಲ್ಲ ಅನ್ನುವವರು ಹಿಂದೆ ಮುಂದೆ ನೋಡದೆ ಇದನ್ನು ತಗೊಳ್ಳಿ.

ಅಳತೆ ಮಾತ್ರ ಮೊದಲೇ ಸರಿ ಇಟ್ಟುಕೊಳ್ಳಿ. 12 ಇಂಚಿನ ಪುಟ ಸ್ಪಷ್ಟವಾಗಿ ಅಚ್ಚಾಗಬೇಕಾದರೆ ಇಂಚಿಗೆ 300 ಚುಕ್ಕೆಯಂತೆ 3600 ಪಿಕ್ಸೆಲ್ ಅಗಲ, 3600 ಎತ್ತರ ಬೇಕು. 4 ಇಂಚು 6 ಇಂಚಿನ ಫೋಟೊಗೆ 1200, 1800 ಸಾಕು. ಮೆಸೇಜಿಂಗ್ ಆ್ಯಪ್‌ನಲ್ಲಿ ಬಂದ ಫೋಟೊಗಳು ಸಾಮಾನ್ಯವಾಗಿ ಕುಗ್ಗಿರುತ್ತವೆ, ತೆಗೆದ ದಿನಾಂಕವೂ ಹಲವು ಸಲ ಅಳಿಸಿಹೋಗಿರುತ್ತದೆ. ಮುಖ್ಯವಾದ ಫೋಟೊ ಇದ್ದರೆ ತೆಗೆದವರ ಹತ್ತಿರ ಮೂಲ ಫೈಲ್ ಕೇಳಿ ತಗೊಳ್ಳಿ. ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇರಲೇಬೇಕು.

ಹಾಗಾದರೆ ನಿಮಗೆ ಯಾವುದು?

ಸಣ್ಣ ಮಕ್ಕಳಿದ್ದಾರೆ, ಹತ್ತು ನಿಮಿಷ ಒಂದೇ ಕಡೆ ಕೂರಲು ಆಗುವುದಿಲ್ಲ ಅಂದರೆ ಪಾಕೆಟ್ ಪುಟ ತಗೊಳ್ಳಿ. ಯೋಚನೆಯೇ ಬೇಡ. ದಿನಾ ರೈಲು, ಬಸ್ಸಿನಲ್ಲಿ ಓಡಾಟ ಇದ್ದರೆ ಸಣ್ಣ ನೋಟ್‌ಬುಕ್. ಬಸ್ಸು ಕುಲುಕಿದರೆ ಬರೆಯಲು ಆಗದು, ಆಗ ಫೋನಿನಲ್ಲಿ ನಾಲ್ಕು ಸಾಲು ಬರೆದುಕೊಂಡು ಮನೆಯಲ್ಲಿ ನಕಲು ಮಾಡಿ. ಮನೆಯಲ್ಲಿ ನಿಮ್ಮದೇ ಅನ್ನುವ ಮೂಲೆ ಇದೆ, ಹರಡಿದ್ದನ್ನು ಹಾಗೇ ಬಿಟ್ಟು ಬರಬಹುದು ಅಂದರೆ ನೀವು ಪುಣ್ಯವಂತರು, ದೊಡ್ಡ ಆಲ್ಬಮ್ ಹಿಡಿಯಿರಿ. ಆಗ ಕಾಲು ಗಂಟೆಯಲ್ಲೂ ಕೆಲಸ ಸಾಗುತ್ತದೆ, ಯಾಕೆಂದರೆ ತೆಗೆದಿಡುವ 25 ನಿಮಿಷ ಅಲ್ಲಿ ಇಲ್ಲ. ಮೂಲೆ ಇಲ್ಲದಿದ್ದರೆ ಒಂದು ದೊಡ್ಡ ತಟ್ಟೆ ಅಥವಾ ಹಲಗೆಯ ಮೇಲೆ ಪುಟ ಹರಡಿಕೊಳ್ಳಿ. ಎದ್ದಾಗ ಹಲಗೆ ಸಮೇತ ಮಂಚದ ಕೆಳಗೆ ಸರಿಸಿದರೆ ಆಯಿತು. ಹಲಗೆ ಬಂದ ಮೇಲೆ ನನ್ನ 25 ನಿಮಿಷ ಮೂರಕ್ಕೆ ಇಳಿಯಿತು.

ಎರಡು ದಾರಿ ಒಟ್ಟಿಗೆ ಹಿಡಿದರೂ ತಪ್ಪಿಲ್ಲ. ಈಗ ನಾನು ಮಾಡುತ್ತಿರುವುದು ಅದೇ. ದಿನದ ಕಾಲು ಗಂಟೆಯಲ್ಲಿ ಬರಹ ಮತ್ತು ಪಾಕೆಟ್ ಪುಟ, ತಿಂಗಳಿಗೆ ಒಂದೋ ಎರಡೋ ಸಂಜೆ ದೊಡ್ಡ ಪುಟ.

ಐದು ನಿಮಿಷವೇ ಸಿಕ್ಕರೆ?

ಬರೆಯಿರಿ. ಅಂಟಿಸುವುದು ಬೇಡ, ಅಲಂಕಾರ ಬೇಡ, ಬರೀ ಬರೆಯಿರಿ. ಫೋಟೊ ಇನ್ನು ಹತ್ತು ವರ್ಷ ಬಿಟ್ಟರೂ ಅಂಟಿಸಬಹುದು. ಆ ಹೊತ್ತಿನ ಮಾತು ಹತ್ತು ವರ್ಷ ಕಾಯುವುದಿಲ್ಲ.

ಏನು ಬರೆಯಲಿ ಅಂತ ಕೈ ನಿಲ್ಲುತ್ತದೆ, ನನಗೂ ನಿಲ್ಲುತ್ತಿತ್ತು. 'ಸುಂದರ ದಿನ', 'ಸಿಹಿ ನೆನಪು' ಅಂತ ಬರೆದು ಪುಟ ಮುಗಿಸುತ್ತಿದ್ದೆ. ಹಳೆಯ ಆಲ್ಬಮ್ ತಿರುಗಿಸಿದಾಗ ಆ ಸಾಲುಗಳಿಂದ ಏನೂ ನೆನಪಾಗಲಿಲ್ಲ. ಈಗ ಫೋಟೊದಲ್ಲಿ ಕಾಣದ ಒಂದು ಸಂಗತಿ ಬರೆಯುತ್ತೇನೆ. ಮಗಳು ಸೈಕಲ್ ಮೇಲೆ ಕೂತ ಫೋಟೊ ಇದೆ. ಅವಳು ನಗುತ್ತಿರುವುದು ಫೋಟೊದಲ್ಲೇ ಕಾಣುತ್ತದೆ, ಅದನ್ನು ಬರೆಯುವುದು ಯಾಕೆ? ನಾನು ಬರೆದದ್ದು ಇದು: 'ಎಡ ಮಂಡಿ ತರಚಿತ್ತು. ಪಟ್ಟಿ ಬೇಡ ಅಂದಳು. ಗಾಳಿ ತಾಗಿದರೆ ಬೇಗ ವಾಸಿಯಾಗುತ್ತದೆ, ಅದಕ್ಕೇ ಜೋರಾಗಿ ಓಡಿಸುತ್ತೇನೆ ಅಂದಳು.' ಮೂರು ನಿಮಿಷ ಆಯಿತು. ಈಗ ಆ ಪುಟ ತೆರೆದರೆ ಅವಳ ಆರು ವರ್ಷದ ದನಿ ಕೇಳುತ್ತದೆ.

ಫೋಟೊ ಆರಿಸುವ ಕೆಲಸವನ್ನೂ ಇಂಥ ಚಿಲ್ಲರೆ ನಿಮಿಷಗಳಿಗೆ ತಳ್ಳಿ. ಎಲ್ಲಾದರೂ ಸಾಲಿನಲ್ಲಿ ನಿಂತಿರುವಾಗ ಫೋನಿನ ಗ್ಯಾಲರಿ ತೆರೆಯಿರಿ. ಆ ವಾರದ ಫೋಟೊ ನೋಡಿ, ಇಷ್ಟವಾದುದಕ್ಕೆ ಹೃದಯದ ಗುರುತು ಒತ್ತಿ. ವಾರಕ್ಕೆ ಐದು ಸಾಕು. ತಿಂಗಳ ಕೊನೆಗೆ ಇಪ್ಪತ್ತು ಫೋಟೊ ಆರಿಸಿಯೇ ಇರುತ್ತವೆ, ಅವನ್ನಷ್ಟೇ ಪ್ರಿಂಟ್ ಹಾಕಿಸಿ. ತಿಂಗಳಿಗೊಂದು ದಿನದ ದಾರಿ ಹಿಡಿದವರಿಗೆ ನಾನು ಹೇಳಿದ ಉಪಾಯ ಇದೇ.

ಅವಸರಕ್ಕೆ ಬಲಿ ಕೊಡಬಾರದ್ದು

ಬೇಗ ಮುಗಿಯಲಿ ಅಂತ ಅಂಟು ಪುಟದ ಆಲ್ಬಮ್ ಮಾತ್ರ ತಗೊಳ್ಳಬೇಡಿ. ಮೇಲಿನ ಪ್ಲಾಸ್ಟಿಕ್ ಎತ್ತಿ, ಫೋಟೊ ಇಟ್ಟು, ಮತ್ತೆ ಮುಚ್ಚುವಂಥದ್ದು. ಅಂಟಿನ ತಾಪತ್ರಯ ತಪ್ಪಿಸುವ ಆಸೆ ಹೊಸದೇನಲ್ಲ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1873ರಲ್ಲೇ ತಾನಾಗಿ ಅಂಟುವ ಸ್ಕ್ರ್ಯಾಪ್‌ಬುಕ್‌ಗೆ ಪೇಟೆಂಟ್ ಪಡೆದಿದ್ದರು. ಪುಟದ ಮೇಲೆ ಮೊದಲೇ ಗೋಂದು ಹಚ್ಚಿರುತ್ತಿತ್ತು, ನೀರು ತಾಗಿಸಿದರೆ ಸಾಕು. ಆದರೆ 1970, 80ರ ದಶಕದಲ್ಲಿ ಮನೆಮನೆಗೆ ಬಂದ 'ಮ್ಯಾಗ್ನೆಟಿಕ್' ಆಲ್ಬಮ್‌ಗಳು ಫೋಟೊಗಳಿಗೆ ತುಂಬ ಕೆಟ್ಟದ್ದು ಮಾಡಿದವು. ಹೆಸರಿಗೆ ಮ್ಯಾಗ್ನೆಟ್, ಒಳಗಿದ್ದುದು ಅಂಟಿನ ಗೆರೆಗಳು. ಕಾಲ ಕಳೆದಂತೆ ಅಂಟು ಹಳದಿಯಾಯಿತು, ಫೋಟೊ ಕಿತ್ತರೂ ಬಾರದಂತೆ ಹಿಡಿಯಿತು. ಮನೆಯಲ್ಲಿ ಅಂಥದ್ದು ಇದ್ದರೆ ಬೆರಳಿನಿಂದ ಎಬ್ಬಿಸಬೇಡಿ. ಮೊದಲು ಪುಟವನ್ನು ಹಾಗೇ ಒಂದು ಫೋಟೊ ತೆಗೆದಿಡಿ. ಆಮೇಲೆ ಹಲ್ಲು ಸ್ವಚ್ಛ ಮಾಡುವ ದಾರವನ್ನು ಫೋಟೊ ಹಿಂದೆ ಮೆಲ್ಲಗೆ ಗರಗಸದ ಹಾಗೆ ಎಳೆಯಿರಿ. ಬಿಡದಿದ್ದರೆ ಹಾಗೇ ಬಿಟ್ಟುಬಿಡಿ.

ಕಾಗದ, ಕಾರ್ಡ್‌ಸ್ಟಾಕ್ ಅನ್ನುವ ದಪ್ಪ ಕಾಗದ ಎರಡೂ ಆ್ಯಸಿಡ್-ಫ್ರೀ, ಲಿಗ್ನಿನ್-ಫ್ರೀ, ಅಂದರೆ ಆಮ್ಲ, ಲಿಗ್ನಿನ್ ಇಲ್ಲದ್ದು, ಅಂತ ಇರಬೇಕು. ಪ್ಲಾಸ್ಟಿಕ್ ಹಾಳೆಯಲ್ಲಿ ಪಿವಿಸಿ ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಇರಲಿ. ಮಾಮೂಲಿ ಪಾರದರ್ಶಕ ಟೇಪ್, ರಬ್ಬರ್ ಸಿಮೆಂಟ್ ಅನ್ನುವ ಅಂಟು ಫೋಟೊ ಹತ್ತಿರವೇ ಸುಳಿಯಬಾರದು. ಇಷ್ಟನ್ನು ಕೊಳ್ಳುವಾಗ ಒಂದು ಸಲ ನೋಡಿಕೊಂಡರೆ ಮತ್ತೆ ಯೋಚಿಸಬೇಕಾಗಿಲ್ಲ.

ಹಳೆಯ ಫೋಟೊಗಳ ರಾಶಿ

ಬಿಡುವು ಸಿಕ್ಕರೂ ತುಂಬ ಜನ ಶುರು ಮಾಡದೇ ಇರುವುದಕ್ಕೆ ಇದೇ ಕಾರಣ. ಹತ್ತು ವರ್ಷದ ಫೋಟೊ ಬಾಕಿ ಇದೆ, ಮೊದಲಿನಿಂದ ಬರಬೇಕಲ್ಲ ಅಂತ. ಬೇಕಾಗಿಲ್ಲ. ಈ ತಿಂಗಳಿನಿಂದ ಶುರು ಮಾಡಿ. ಹಿಂದಿನದ್ದು ಹಿಂದೆ ಇರಲಿ. ಮೊದಲಿನಿಂದ ಬರುವೆ ಅಂತ ಹೊರಟರೆ ಹಳೆಯದು ಮುಗಿಯುವ ಹೊತ್ತಿಗೆ ಇವತ್ತಿನದ್ದೂ ಹಳೆಯದಾಗಿ ಬಾಕಿ ಸೇರಿರುತ್ತದೆ. ನನ್ನ ಎರಡು ವರ್ಷ ಹೀಗೇ ಹೋಯಿತು.

ಹಳೆಯ ರಾಶಿಯನ್ನು ವರ್ಷದ ಪ್ರಕಾರ ಲಕೋಟೆಗಳಲ್ಲಿ ಹಾಕಿ, ಮೇಲೆ ಇಸವಿ ಬರೆದಿಡಿ. ವರ್ಷಕ್ಕೆ ಹತ್ತು ಫೋಟೊ ಆರಿಸಿದರೆ ಸಾಕು. ವಾರದ ಸಂಜೆ ಇರುವವರು ತಿಂಗಳಿಗೆ ಒಂದು ಲಕೋಟೆ ತೆಗೆದುಕೊಳ್ಳಬಹುದು. ವರ್ಷದ ಸಾಲು ಹಿಡಿದು ಹೋಗಬೇಕು ಅಂತಲೂ ಇಲ್ಲ. ಮನಸ್ಸು ಎಳೆದ ಲಕೋಟೆ ತೆರೆಯಿರಿ.

ಒಂದೇ ಒಂದು ಕೆಲಸಕ್ಕೆ ಮಾತ್ರ ಕಾಯಬೇಡಿ. ಹಳೆಯ ಕಪ್ಪು ಬಿಳುಪು ಫೋಟೊಗಳಲ್ಲಿ ಯಾರು ಯಾರು ಇದ್ದಾರೆ ಅಂತ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ನಿಮ್ಮ ಮೊದಲ ಬಿಡುವು ಅವರದ್ದು. ಫೋಟೊಗಳನ್ನು ಅವರ ಮುಂದಿಡಿ, ಫೋನಿನಲ್ಲಿ ಧ್ವನಿ ರೆಕಾರ್ಡ್ ಹಚ್ಚಿ, ಸುಮ್ನೆ ಕೇಳುತ್ತಾ ಕೂರಿ. ಆ ಕಾಲದ ಫೋಟೊ ಕಾಗದದ ಹಿಂದೆ ಮೆತ್ತಗಿನ ಪೆನ್ಸಿಲ್‌ನಲ್ಲಿ, ಅಂಚಿನ ಹತ್ತಿರ, ಒತ್ತದೆ ಬರೆಯಬಹುದು. ಬಾಲ್‌ಪೆನ್ ಬೇಡ, ಮುಂಭಾಗಕ್ಕೆ ಉಬ್ಬು ಬೀಳುತ್ತದೆ. ಈಗಿನ ನುಣುಪು ಪ್ರಿಂಟ್‌ಗಳ ಹಿಂದೆ ಪೆನ್ಸಿಲ್ ಹಿಡಿಯುವುದಿಲ್ಲ, ಅದಕ್ಕೆ ಫೋಟೊಗಳಿಗೆಂದೇ ಇರುವ ಪೆನ್ ಬೇಕು.

ಹೋದ ತಿಂಗಳು ದೊಡ್ಡಮ್ಮನ ಮುಂದೆ ಹೀಗೇ ಕೂತಿದ್ದೆ. ಮದುವೆ ಮನೆಯ ಗುಂಪು ಫೋಟೊ. ತೀರಾ ಅಂಚಿನಲ್ಲಿ, ಅರ್ಧ ಮುಖ ಮಾತ್ರ ಸಿಕ್ಕಿದ್ದ ಒಬ್ಬ ಹುಡುಗಿ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, ಫೋಟೊ ಹತ್ತಿರ ತಂದು, ಆ ಅರ್ಧ ಮುಖದ ಮೇಲೆ ಬೆರಳಿಟ್ಟರು. 'ಇದು ನಿಮ್ಮಮ್ಮ' ಅಂದರು. 'ಫೋಟೊದವರು ಒಂದು, ಎರಡು ಅಂತ ಎಣಿಸುವಷ್ಟರಲ್ಲಿ ಕರು ಬಿಚ್ಚಿಕೊಂಡಿದೆ ಅಂತ ಯಾರೋ ಕೂಗಿದರು. ಇವಳು ಆ ಕಡೆ ಓಡಿದಳು.' ನಾನು ಫೋಟೊ ತಿರುಗಿಸಿ, ಪೆನ್ಸಿಲ್ ತಗೊಂಡು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದೆ. ಪುಟ ಇನ್ನೂ ಆಗಿಲ್ಲ. ಮುಂದಿನ ಗುರುವಾರಕ್ಕೆ ಅದನ್ನು ಕವರಿನಲ್ಲಿ ಹಾಕಿ ಮೇಲೇ ಇಟ್ಟಿದ್ದೇನೆ.